ಗ್ಯಾಸ್ಕೆಟ್ ಎರಡು ಸಲ ಹಾಕಿದರೂ ಕಾರು ಕಾಯುವುದು ನಿಂತಿಲ್ಲ

ಪ್ರಶ್ನೆ: ಐದು ತಿಂಗಳ ಹಿಂದೆ ಡೀಲರ್ ಒಬ್ಬರಿಂದ 2017ರ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರನ್ನು 4.2 ಲಕ್ಷ ರೂಪಾಯಿಗೆ ಕೊಂಡೆ. ಎಂಜಿನ್, ಗೇರ್‌ಬಾಕ್ಸ್‌ಗೆ ಆರು ತಿಂಗಳ ವಾರಂಟಿ ಎಂದು ಬಿಲ್‌ನಲ್ಲೇ ಇದೆ. ಎರಡನೇ ತಿಂಗಳಲ್ಲಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ಅವರ ಗ್ಯಾರೇಜಿನಲ್ಲಿ ಎರಡು ಸಲ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಬದಲಾಯಿಸಿದರು. ಈಗಲೂ ವಾರಕ್ಕೆ ಅರ್ಧ ಲೀಟರ್ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಕಡಿಮೆಯಾಗುತ್ತಿದೆ. ಕೇಳಿದರೆ, 'ನೀವು ನೋಡಿಕೊಳ್ಳದೆ ಕಾಯಿಸಿದ್ದೀರಿ, ವಾರಂಟಿಗೆ ಬರಲ್ಲ' ಎನ್ನುತ್ತಾರೆ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ಮೂರನೇ ಸಲ ಕಾರನ್ನು ಸುಮ್ಮನೆ ಅವರ ಕೈಗೆ ಕೊಡಬೇಡಿ. ಹಾಗಂತ ಬೇರೆ ಮೆಕ್ಯಾನಿಕ್ ಹತ್ತಿರ ಎಂಜಿನ್ ಬಿಚ್ಚಿಸಲೂ ಬೇಡಿ. 'ಹೊರಗೆ ಕೈ ಹಾಕಿಸಿದ್ದೀರಿ' ಎಂದು ಅವರು ನುಣುಚಿಕೊಳ್ಳುತ್ತಾರೆ. ಮುಳ್ಳು ಏರಿದ ಕೂಡಲೇ ಗಾಡಿ ನಿಲ್ಲಿಸಿ. ಹಾಗೇ ಓಡಿಸಿದರೆ ಅವರ ಆರೋಪವನ್ನು ನೀವೇ ನಿಜ ಮಾಡಿದಂತೆ.

ಎಂಜಿನ್ ಬಿಚ್ಚದೆ ಮಾಡುವ ಎರಡು ಪರೀಕ್ಷೆಗಳಿವೆ. ಒಂದು ಪ್ರೆಶರ್ ಟೆಸ್ಟ್: ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಬಾಯಿಗೆ ಕೈಪಂಪ್ ಕೂರಿಸಿ, ಅದರ ಮುಚ್ಚಳದ ಮೇಲೆ ಬರೆದಷ್ಟು ಒತ್ತಡ (ಸಾಮಾನ್ಯವಾಗಿ 0.9ರಿಂದ 1.1 ಬಾರ್) ಏರಿಸಿ 15 ನಿಮಿಷ ಬಿಡುತ್ತಾರೆ. ಒತ್ತಡ ಇಳಿದು, ಹೋಸ್, ವಾಟರ್ ಪಂಪ್, ರೇಡಿಯೇಟರ್ ಎಲ್ಲೂ ಹನಿ ಕಾಣದಿದ್ದರೆ ನೀರು ಎಂಜಿನ್ ಒಳಗೇ ಹೋಗುತ್ತಿರುವ ಸಂಭವ ಹೆಚ್ಚು. ಇನ್ನೊಂದು, ಕೂಲೆಂಟ್ ಮೇಲಿನ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸುವುದು. ಪೆಟ್ರೋಲ್ ಎಂಜಿನ್‌ನಲ್ಲಿ ಅದು ಹಳದಿಗೆ ತಿರುಗಿದರೆ ಸಿಲಿಂಡರಿನ ಹೊಗೆ ಕೂಲೆಂಟಿಗೆ ಸೇರುತ್ತಿದೆ ಎಂದರ್ಥ. ಕಾರು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಇವನ್ನು ಮಾಡಿಸಿ, ಫಲಿತಾಂಶವನ್ನು ತಾರೀಕು, ಕಿಲೋಮೀಟರ್ ಸಮೇತ ಜಾಬ್ ಕಾರ್ಡ್‌ನಲ್ಲಿ (ಮಾಡಿದ ಕೆಲಸದ ವಿವರ ಬರೆಯುವ ಚೀಟಿ) ಬರೆಸಿಕೊಳ್ಳಿ.

ಗ್ಯಾಸ್ಕೆಟ್ ಮತ್ತೆ ಮತ್ತೆ ಏಕೆ ಹೋಗುತ್ತದೆ? ಅತಿಯಾಗಿ ಕಾದ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ಅದರ ಮೇಲೆ ನೇರ ಪಟ್ಟಿ ಇಟ್ಟು, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಲೇಬೇಕು. ಎಷ್ಟು ಸೊಟ್ಟಗಿದ್ದರೆ ನಡೆಯುತ್ತದೆ ಎಂಬುದು ಕಂಪನಿಯ ಮ್ಯಾನುಯಲ್‌ನಲ್ಲಿರುತ್ತದೆ. ಅನೇಕ ಸಣ್ಣ ಎಂಜಿನ್‌ಗಳಲ್ಲಿ 0.05 ಮಿ.ಮೀ. ಆಸುಪಾಸು. ಮೀರಿದರೆ ಲೇತ್ ಅಂಗಡಿಯಲ್ಲಿ ಫೇಸಿಂಗ್ (ಮೇಲ್ಮೈ ಸಮ ಮಾಡುವುದು) ಮಾಡಿಸಬೇಕು, ಬಿರುಕಿದ್ದರೆ ಹೆಡ್ಡನ್ನೇ ಬದಲಿಸಬೇಕು. ಹಲವು ಎಂಜಿನ್‌ಗಳಲ್ಲಿ ಹೆಡ್ ಬೋಲ್ಟ್ ಬಿಗಿದಾಗ ಹಿಗ್ಗುತ್ತದೆ, ಮರುಬಳಕೆಗೆ ಬರುವುದಿಲ್ಲ. ಇದೆಲ್ಲ ಸರಿಯಾದರೂ ಮೊದಲು ಕಾದದ್ದು ಏಕೆ ಎಂದು ನೋಡದಿದ್ದರೆ (ಕೂಲೆಂಟ್ ಹರಿವು ನಿಯಂತ್ರಿಸುವ ಥರ್ಮೋಸ್ಟಾಟ್ ಅಂಟಿಕೊಂಡಿರಬಹುದು, ಫ್ಯಾನ್ ತಿರುಗದಿರಬಹುದು, ರೇಡಿಯೇಟರ್ ಕಟ್ಟಿರಬಹುದು) ಹೊಸ ಗ್ಯಾಸ್ಕೆಟ್ಟೂ ಹೋಗುತ್ತದೆ.

ಆದ್ದರಿಂದ ಡೀಲರ್‌ಗೆ ಬರೆಯುವ ಪತ್ರದಲ್ಲಿ ಎರಡೂ ರಿಪೇರಿಯ ಜಾಬ್ ಕಾರ್ಡ್, ಗ್ಯಾಸ್ಕೆಟ್ ಮತ್ತು ಬೋಲ್ಟ್‌ಗಳ ಬಿಲ್, ಹೆಡ್ ಅಳತೆ, ಫೇಸಿಂಗ್ ಬಿಲ್ ಕೇಳಿ. ಹೆಡ್ ಲೇತ್ ಅಂಗಡಿಗೇ ಹೋಗಿಲ್ಲವಾದರೆ ಆ ಬಿಲ್ ಅವರ ಬಳಿ ಇರುವುದಿಲ್ಲ. ನನ್ನ ಲೆಕ್ಕದಲ್ಲಿ ನಿಮ್ಮ ಕೈಯಲ್ಲಿರುವ ಬಲವಾದ ಅಂಶ ಇದೇ. ವಾರಂಟಿ ಮುಗಿಯಲು ಒಂದೇ ತಿಂಗಳಿದೆ, ಪತ್ರ ಈ ವಾರವೇ ಹೋಗಲಿ: ಮೊದಲ ದೂರಿನ ತಾರೀಕು, ಪರೀಕ್ಷೆಯ ನಕಲು, ಸರಿಪಡಿಸಲು 15 ದಿನ ಗಡುವು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಅಷ್ಟಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಡೀಲರ್ ಯಾವ ಊರಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿರುವುದರಿಂದ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ, ದೂರು ಹಾಕಲು ಎರಡು ವರ್ಷ ಕಾಲಾವಕಾಶವಿದೆ. ರಿಪೇರಿ ಖರ್ಚು ಎಷ್ಟಾಗುತ್ತದೆಂಬ ಸರ್ವಿಸ್ ಸೆಂಟರ್ ಅಂದಾಜು ಪಟ್ಟಿಯನ್ನೂ ಲಗತ್ತಿಸಿ.

ಪ್ರಶ್ನೆ: ನಮ್ಮ ಡೀಲರ್ ವಾರಂಟಿಯನ್ನು ವಾಟ್ಸಾಪ್‌ನಲ್ಲಿ ಮಾತ್ರ ಹೇಳಿದ್ದಾರೆ. ನಡೆಯುತ್ತದೆಯೇ?
– ಓದುಗರು, ಶಿರಸಿ

ಉತ್ತರ: ನಡೆಯುತ್ತದೆ. ಚಾಟ್ ಅಳಿಸಬೇಡಿ, ಆ ಫೋನ್ ಮಾರಬೇಡಿ. ಪ್ರಿಂಟ್ ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ (ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ) ಪ್ರಮಾಣಪತ್ರ ಲಗತ್ತಿಸಿ. ಹಣವನ್ನು ಡೀಲರ್ ಖಾತೆಗೇ ಹಾಕಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಸಹ ಇಡಿ; 'ನಾನು ಬರೀ ಬ್ರೋಕರ್' ಎಂದು ಹೇಳುವುದು ಅವರಿಗೆ ಕಷ್ಟವಾಗುತ್ತದೆ.