ಕೈದಿಗಳನ್ನು ಇಳಿಸಿ ತಿಮಿಂಗಿಲದ ಬೆನ್ನುಹತ್ತಿದ ‘ಬ್ರಿಟಾನಿಯಾ’

ಪ್ರಶ್ನೆ: ಆಸ್ಟ್ರೇಲಿಯಾದ ಆರಂಭದ ದಿನಗಳ ಬಗ್ಗೆ ಓದುವಾಗ ‘ಬ್ರಿಟಾನಿಯಾ’ ಎಂಬ ಹಡಗು ಪದೇ ಪದೇ ಎದುರಾಗುತ್ತದೆ. ಒಮ್ಮೆ ಕೈದಿಗಳನ್ನು ತಂದಿತು ಎನ್ನುತ್ತಾರೆ, ಒಮ್ಮೆ ತಿಮಿಂಗಿಲ ಹಿಡಿಯಿತು ಎನ್ನುತ್ತಾರೆ, ಇನ್ನೊಮ್ಮೆ ಸೀಲ್ ಬೇಟೆಗಾರರನ್ನು ನ್ಯೂಜಿಲೆಂಡಿನಲ್ಲಿ ಬಿಟ್ಟುಬಂತು ಎನ್ನುತ್ತಾರೆ. ಇದೆಲ್ಲ ಒಂದೇ ಹಡಗಿನ ಕೆಲಸವೇ?

ಉತ್ತರ: ಮೊದಲ ಎರಡು ಒಂದೇ ಹಡಗಿನವು, ಮೂರನೆಯದು ಬೇರೆ. 1792ರಲ್ಲಿ ನ್ಯೂಜಿಲೆಂಡಿನ ಡಸ್ಕಿ ಸೌಂಡ್‌ನಲ್ಲಿ ಸೀಲ್ ಬೇಟೆಯ ತಂಡವನ್ನು ಇಳಿಸಿದ್ದು ವಿಲಿಯಂ ರೇವನ್ ನಾಯಕನಾಗಿದ್ದ ಇನ್ನೊಂದು ಬ್ರಿಟಾನಿಯಾ. ಆಗ ಆ ಹೆಸರಿನ ಹಡಗುಗಳಿಗೆ ಲೆಕ್ಕವಿರಲಿಲ್ಲ. ಹಡಗನ್ನು ಗುರುತಿಸಬೇಕಾದರೆ ಹೆಸರಿನ ಜೊತೆ ಕ್ಯಾಪ್ಟನ್ ಯಾರು, ಮಾಲೀಕರು ಯಾರು ಎಂದೂ ನೋಡಲೇಬೇಕು.

ನೀವು ಕೇಳುತ್ತಿರುವ ಬ್ರಿಟಾನಿಯಾ 1783ರಲ್ಲಿ ಇಂಗ್ಲೆಂಡಿನ ಬ್ರಿಡ್‌ಪೋರ್ಟ್‌ನಲ್ಲಿ ಕಟ್ಟಿದ್ದು. ಮಾಲೀಕರು ಲಂಡನ್ನಿನ ಸ್ಯಾಮ್ಯುಯೆಲ್ ಎಂಡರ್ಬಿ ಮತ್ತು ಮಕ್ಕಳು. ಇವರ ದಂಧೆ ತಿಮಿಂಗಿಲದ ಎಣ್ಣೆ. ಸ್ಪರ್ಮ್ ತಿಮಿಂಗಿಲದ ಎಣ್ಣೆ ದೀಪಗಳಿಗೆ, ಅದರ ತಲೆಯೊಳಗಿನ ಮೇಣದಂಥ ವಸ್ತು ದುಬಾರಿ ಮೇಣದಬತ್ತಿಗಳಿಗೆ ಹೋಗುತ್ತಿತ್ತು.

ಬೇಟೆಗೆ ಹೊರಟ ಹಡಗಿನ ಒಡಲಲ್ಲಿ ಹೋಗುವಾಗ ಇರುವುದು ಖಾಲಿ ಪೀಪಾಯಿಗಳು ಮಾತ್ರ. ಅದೇ ಜಾಗದಲ್ಲಿ ಕೈದಿಗಳನ್ನು ತುಂಬಿದರೆ ಸರ್ಕಾರದ ಗುತ್ತಿಗೆಯಿಂದ ಬಾಡಿಗೆ ಸಿಗುತ್ತದೆ, ಬರುವಾಗ ಎಣ್ಣೆ ತುಂಬಿಕೊಂಡು ಬರಬಹುದು. ಬ್ರಿಟನ್ 1791ರಲ್ಲಿ ಆಸ್ಟ್ರೇಲಿಯಾದ ತನ್ನ ವಸಾಹತಿಗೆ ಕೈದಿಗಳನ್ನು ಸಾಗಿಸಿದ ಹಡಗುಗಳ ಮೂರನೇ ತಂಡ, ‘ಥರ್ಡ್ ಫ್ಲೀಟ್’ನ 11 ಹಡಗುಗಳಲ್ಲಿ 5 ತಿಮಿಂಗಿಲ ಬೇಟೆಯವೇ ಆಗಿದ್ದುದು ಈ ಲೆಕ್ಕಾಚಾರದಿಂದ. ಇದಕ್ಕೊಂದು ತೊಡಕೆಂದರೆ ಆಫ್ರಿಕಾದ ದಕ್ಷಿಣದ ಗುಡ್‌ಹೋಪ್ ಭೂಶಿರದಾಚೆಯ ಬ್ರಿಟಿಷ್ ವ್ಯಾಪಾರವೆಲ್ಲ ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯದಲ್ಲಿದ್ದುದರಿಂದ ಬೇರೆಯವರು ಅತ್ತ ಹೋಗಲು ಅನುಮತಿ ಬೇಕಿತ್ತು. ಬ್ರಿಟಾನಿಯಾ ಇಂಗ್ಲೆಂಡಿನ ಪ್ಲಿಮತ್ ಬಂದರು ಬಿಟ್ಟ ಅದೇ ಮಾರ್ಚ್ 1791ರಲ್ಲಿ ಅದೇ ಕಂಪನಿಯ ಸೈನ್ಯ ಟಿಪ್ಪುವಿನಿಂದ ಬೆಂಗಳೂರು ಕೋಟೆಯನ್ನು ಕಸಿದುಕೊಂಡಿತು ಎಂಬುದು ನಮಗೆ ನೆನಪಿರಬೇಕಾದ ಸಂಗತಿ.

ಬ್ರಿಟಾನಿಯಾ ಹತ್ತಿಸಿಕೊಂಡ 150 ಕೈದಿಗಳಲ್ಲಿ 21 ಜನ ದಾರಿಯಲ್ಲೇ ಸತ್ತರು. ಎಣ್ಣೆಯ ಕಥೆ ಹೇಳುವವರು ಈ ಸಂಖ್ಯೆಯನ್ನು ಬಿಟ್ಟುಬಿಡುವುದು ನನಗೆ ಸರಿಕಾಣುವುದಿಲ್ಲ.

ಈಗ ನಿಜವಾದ ಸ್ವಾರಸ್ಯ. ಪೋರ್ಟ್ ಜಾಕ್ಸನ್, ಅಂದರೆ ಇಂದಿನ ಸಿಡ್ನಿ, ಸಮೀಪಿಸುವಾಗ ಕ್ಯಾಪ್ಟನ್ ಥಾಮಸ್ ಮೆಲ್ವಿಲ್‌ಗೆ ದಡದ ಹತ್ತಿರವೇ ಸ್ಪರ್ಮ್ ತಿಮಿಂಗಿಲಗಳ ಹಿಂಡುಗಳು ಕಂಡವು. ಮಧ್ಯಾಹ್ನದಿಂದ ಸೂರ್ಯ ಮುಳುಗುವವರೆಗೂ ಹಡಗು ಅವುಗಳ ನಡುವೆಯೇ ಸಾಗಿತು, ಕೂವೆಮರ ಹತ್ತಿ ನೋಡಿದರೆ ದಿಗಂತದ ಸುತ್ತಲೂ ಅವೇ. ಈ ಸುದ್ದಿಯನ್ನು ಆತ ಗುಟ್ಟಾಗಿಡಲು ಬಯಸಿದ. ಆದರೆ ಅಕ್ಟೋಬರ್ 14ರಂದು ಬಂದರು ಸೇರಿದಾಗ ವಸಾಹತಿನ ಗವರ್ನರ್ ಆರ್ಥರ್ ಫಿಲಿಪ್ ಕೈದಿಗಳನ್ನು ದೂರದ ನಾರ್ಫೋಕ್ ದ್ವೀಪಕ್ಕೆ ಒಯ್ಯುವಂತೆ ಹೇಳಿದ, ಹಡಗನ್ನೇ ಕೊಳ್ಳುವ ಮಾತನ್ನೂ ಆಡಿದ. ತಪ್ಪಿಸಿಕೊಳ್ಳಲು ಮೆಲ್ವಿಲ್ ಆ ಗುಟ್ಟನ್ನು ಗವರ್ನರ್ ಮುಂದೆ ಬಿಚ್ಚಿದ. ಎರಡು ಗಂಟೆ ಬಿಟ್ಟು ಮತ್ತೆ ಹೋದಾಗ ಫಿಲಿಪ್ ಅವನನ್ನು ಒಳಕೋಣೆಗೆ ಕರೆದೊಯ್ದು ನೆರವಿನ ಭರವಸೆ ಕೊಟ್ಟ. ಮರುದಿನ ಬೆಳಗ್ಗೆ ಬಂದರಿನ ದೊಡ್ಡ ದೋಣಿಗಳೆಲ್ಲ ಕೈದಿಗಳನ್ನೂ ಸರಕನ್ನೂ ಇಳಿಸಲು ಬ್ರಿಟಾನಿಯಾದ ಬಳಿ ಬಂದವು! ಆದರೂ ಗುಟ್ಟು ನಿಲ್ಲಲಿಲ್ಲ. ನಾವಿಕರು ಬಾಯಿಬಿಟ್ಟರು, ಉಳಿದ ಬೇಟೆ ಹಡಗುಗಳೂ ತರಾತುರಿಯಲ್ಲಿ ಸಜ್ಜಾದವು.

ಹನ್ನೊಂದನೇ ದಿನ ಬ್ರಿಟಾನಿಯಾ ಮತ್ತು ಎಬರ್ ಬಂಕರ್ ನಾಯಕನಾಗಿದ್ದ ಹಡಗು ‘ವಿಲಿಯಂ ಅಂಡ್ ಆ್ಯನ್’ ಜೊತೆಯಾಗಿ ಹೊರಟವು. ಎತ್ತರದ ಅಲೆಗಳ ನಡುವೆ ದೋಣಿ ಇಳಿಸಿ ಎರಡು ಗಂಟೆಯೊಳಗೆ ಏಳು ತಿಮಿಂಗಿಲ ಕೊಂದರು. ಅಷ್ಟರಲ್ಲಿ ನೈಋತ್ಯದಿಂದ ಬಿರುಗಾಳಿ ಬಂತು. ಜನ, ದೋಣಿ ಉಳಿಸಿಕೊಳ್ಳಲು ಹಗ್ಗ ಕತ್ತರಿಸಿ ಐದನ್ನು ಬಿಟ್ಟುಬಿಡಬೇಕಾಯಿತು. ಬ್ರಿಟಾನಿಯಾಕ್ಕೆ ದಕ್ಕಿದ್ದು ಒಂದೇ, ಅದರಿಂದ 12 ಪೀಪಾಯಿ ಎಣ್ಣೆ. ಐದು ದೈತ್ಯ ಜೀವಗಳು ಯಾರಿಗೂ ಆಗದೆ ಹೋದವು. ಈ ಭಾಗವನ್ನು ಓದುವಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ಆ ಋತುವಿನಲ್ಲಿ ಹವಾಮಾನ ಅವರಿಗೆ ಕೂಡಿಬರಲಿಲ್ಲ. ಆದರೆ ನವೆಂಬರ್‌ನಲ್ಲಿ ಮೆಲ್ವಿಲ್ ಮಾಲೀಕರಿಗೆ ಬರೆದ ಪತ್ರ ಲಂಡನ್ನಿನಲ್ಲಿ ಆಸೆ ಹುಟ್ಟಿಸಿತು, ಮುಂದಿನ ದಶಕಗಳಲ್ಲಿ ಸಿಡ್ನಿ ತಿಮಿಂಗಿಲ ಬೇಟೆಯ ಬಂದರಾಯಿತು. ಬ್ರಿಟಾನಿಯಾ ಅದೇ ಕಡಲಿನಲ್ಲಿ ಬೇಟೆಯಾಡುತ್ತಿದ್ದಾಗ, 1806ರ ಆಗಸ್ಟ್‌ನಲ್ಲಿ, ಲಾರ್ಡ್ ಹೋವ್ ದ್ವೀಪದ ಉತ್ತರಕ್ಕಿರುವ ಮಿಡಲ್ಟನ್ ಹವಳದಿಬ್ಬಕ್ಕೆ ಬಡಿದು ಒಡೆದುಹೋಯಿತು. ನಾವಿಕರಲ್ಲಿ ಹಲವರು ದಡ ಸೇರಲಿಲ್ಲ.