“ನೀನು ರಜೆಯಲ್ಲೇ ಇದ್ದೀಯಲ್ಲ”: ಶಿರಸಿಯ ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದ ಹಾಗೆ ವಯಸ್ಸು, ಉದ್ಯೋಗದ ವಿವರ ಬದಲಿಸಿದ್ದೇನೆ. ದಿನಾಂಕಗಳನ್ನೂ ಸ್ವಲ್ಪ ಅತ್ತಿತ್ತ ಸರಿಸಿದ್ದೇನೆ, ಆದರೆ ಲೆಕ್ಕ ಕೆಡಿಸಿಲ್ಲ. ಇಂಥ ಪ್ರಕರಣಗಳಲ್ಲಿ ಅರ್ಧ ಸಲಹೆ ಲೆಕ್ಕದಲ್ಲೇ ಇರುತ್ತದೆ.

ದಂಪತಿ ಬಂದದ್ದು 2024ರ ಅಕ್ಟೋಬರ್ 19ರ ಶನಿವಾರ. ಮಗುವಿಗೆ ಒಂಬತ್ತು ವಾರ ತುಂಬಿತ್ತು. ಆಕೆಗೆ 29 ವರ್ಷ. ಶಿರಸಿಯ ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಅಲ್ಲಿ ಕೆಲಸಗಾರರು 14 ಮಂದಿ, ಆಕೆಯ ಸಂಬಳ 24,000 ರೂಪಾಯಿ. ಗಂಡ ಕಾರವಾರದಲ್ಲಿ ಕೇಂದ್ರ ಸರ್ಕಾರಿ ನೌಕರ. ಅಲ್ಲೇ ಬಾಡಿಗೆ ಕೋಣೆ ಹಿಡಿದಿದ್ದಾರೆ, ವಾರಕ್ಕೊಮ್ಮೆ ಊರಿಗೆ. ಗಂಡನ ಮನೆ ಶಿರಸಿ ಪೇಟೆಯಲ್ಲಿ. ಅಲ್ಲಿ ಮಂಡಿನೋವಿನ ಅತ್ತೆ ಒಬ್ಬರೇ. ಬಾಣಂತನ ನಡೆಯುತ್ತಿದ್ದದ್ದು ತವರಿನಲ್ಲಿ, ಹದಿನೆಂಟು ಕಿಲೋಮೀಟರ್ ದೂರದ ತೋಟದ ಮನೆಯಲ್ಲಿ.

ಬಾಯಲ್ಲಿ ಹೇಳಿದ ಸಮಸ್ಯೆ ಒಂದೇ: ಕಚೇರಿಯವರು ಮೂರು ತಿಂಗಳಿಗಷ್ಟೇ ಸಂಬಳ ಕೊಡುತ್ತಾರಂತೆ, ಉಳಿದದ್ದಕ್ಕೆ ಮೊದಲು ಇಎಲ್ (ಗಳಿಕೆ ರಜೆ) ಮುರಿದುಕೊಂಡು, ಆಮೇಲೆ ಸಂಬಳವಿಲ್ಲದ ರಜೆಯಂತೆ. ಇಪ್ಪತ್ತು ನಿಮಿಷ ಮಾತಾಡಿದ ಮೇಲೆ ಬೇರೆಯದು ಹೊರಬಂತು. “ಇವರಿಗೆ ಮಗು ಅಂದರೆ ಭಾನುವಾರ” ಎಂದು ಆಕೆ ಗಂಡನ ಕಡೆ ನೋಡದೆ ಹೇಳಿದರು. ನೆಂಟರು ಬಂದಾಗ ಎದ್ದು ಚಹಾ ಮಾಡಬೇಕು, ಸೋದರತ್ತೆಯ ಬ್ಯಾಂಕ್ ಅರ್ಜಿ ತುಂಬಿಕೊಡಬೇಕು, ಬೇಸರಪಟ್ಟರೆ ಎಲ್ಲರದೂ ಒಂದೇ ಮಾತು, “ನೀನು ರಜೆಯಲ್ಲೇ ಇದ್ದೀಯಲ್ಲ.” ಗಂಡ ಮೌನವಾಗಿದ್ದರು. ಅವರ ಅಳಲು ಬೇರೆ: ಪಿತೃತ್ವ ರಜೆಯನ್ನು ಹೆರಿಗೆಯಾದ 15 ದಿನದೊಳಗೆ ತೆಗೆದುಕೊಳ್ಳಬೇಕಿತ್ತು, ಅದು ಹೋಯಿತು ಎಂದು ಕಚೇರಿಯಲ್ಲಿ ಯಾರೋ ಹೇಳಿದ್ದರು. ಹೆರಿಗೆಗೆ ಮೂರು ಸಿಎಲ್ (ಸಾಂದರ್ಭಿಕ ರಜೆ) ಹಾಕಿ ಬಂದು ಹೋಗಿದ್ದರು, ಅಷ್ಟೆ.

ರಜೆಯ ಲೆಕ್ಕಕ್ಕೆ ಮೊದಲು ಮನಸ್ಸಿನ ಲೆಕ್ಕ ನೋಡಬೇಕು. ಹೆರಿಗೆಯ ಮೊದಲ ವಾರದ ಅಳು, ಚಡಪಡಿಕೆ ಸಾಮಾನ್ಯವಾಗಿ ಎರಡು ವಾರದಲ್ಲಿ ಇಳಿಯುತ್ತದೆ. ಒಂಬತ್ತನೇ ವಾರದಲ್ಲೂ ಇದ್ದರೆ ಸುಮ್ಮನೆ ಬಿಡುವಂತಿಲ್ಲ. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸುವ, ಹತ್ತು ಪ್ರಶ್ನೆಗಳ ಎಡಿನ್‌ಬರ್ಗ್ ಮಾಪಕವನ್ನು ಆಕೆಯೊಬ್ಬರನ್ನೇ ಕೂರಿಸಿ ತುಂಬಿಸಿದೆ. ಗರಿಷ್ಠ 30 ಅಂಕ. 13 ಅಥವಾ ಹೆಚ್ಚು ಬಂದರೆ ಖಿನ್ನತೆಯ ಸಾಧ್ಯತೆ ಬಲವಾಗಿರುತ್ತದೆ, ವೈದ್ಯರಲ್ಲಿಗೆ ಕಳಿಸಲೇಬೇಕು. ಹತ್ತನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅಲ್ಲಿ ಸೊನ್ನೆ ಬಿಟ್ಟು ಏನೇ ಬಂದರೂ ಒಟ್ಟು ಅಂಕ ನೋಡುತ್ತ ಕೂರಬಾರದು, ಅದೇ ದಿನ ವೈದ್ಯರನ್ನು ಕಾಣಿಸಬೇಕು. ಆಕೆಗೆ ಬಂದದ್ದು 11, ಹತ್ತನೆಯದಕ್ಕೆ ಸೊನ್ನೆ. ಎರಡು ವಾರ ಬಿಟ್ಟು ಮತ್ತೆ ತುಂಬಿಸುವುದೆಂದು ತೀರ್ಮಾನಿಸಿದೆ. ನಡುವೆ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿಗಾದರೂ ಕರೆ ಮಾಡಲು ಹೇಳಿ, ಆ ಸಂಖ್ಯೆಯನ್ನು ಗಂಡನ ಫೋನಿನಲ್ಲೂ ಉಳಿಸಿಸಿದೆ.

ಜೊತೆಗೆ ಮೂರು ರಾತ್ರಿ ಮಗು ಎದ್ದ ಹೊತ್ತುಗಳ ಚೀಟಿ ಬರೆದು ತರಲು ಕೇಳಿದ್ದೆ. ಒಂದು ರಾತ್ರಿಯದು ಹೀಗಿತ್ತು: 11.20, 1.40, 3.10, 4.50. ನಡುವೆ ಒಂದು ಸಲ ಬಟ್ಟೆ ಬದಲು, ಒಂದು ಸಲ ತೇಗು ಬಾರದೆ ಮುಕ್ಕಾಲು ತಾಸು ಹೆಗಲ ಮೇಲೆ. ಎಡೆಬಿಡದೆ ಸಿಕ್ಕ ನಿದ್ದೆ ಒಂದು ತಾಸು ಐವತ್ತು ನಿಮಿಷ. ಚೀಟಿಯನ್ನು ಗಂಡನೇ ಗಟ್ಟಿಯಾಗಿ ಓದಲಿ ಎಂದೆ. ಓದಿ ಮುಗಿಸುವ ಹೊತ್ತಿಗೆ “ರಜೆ” ಎಂಬ ಮಾತು ಕೋಣೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಮೊದಲು ಆಕೆಯ ಕಚೇರಿಯ ವಿಷಯ. ಮಾಲೀಕರು ಹೇಳುತ್ತಿದ್ದ ಮೂರು ತಿಂಗಳು ಹಳೆಯ ಕಾನೂನಿನ ನೆನಪು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ 12 ವಾರವಿದ್ದದ್ದು 2017ರ ತಿದ್ದುಪಡಿಯಿಂದ 26 ವಾರವಾಯಿತು. ಅದರಲ್ಲಿ ಹೆರಿಗೆಗೆ ಮುಂಚೆ 8 ವಾರ ಮೀರದಂತೆ ಬಳಸಬಹುದು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೇ ಅಂಕಿಗಳಿವೆ. ಈಗಾಗಲೇ ಇಬ್ಬರು ಮಕ್ಕಳಿದ್ದರೆ ಮಾತ್ರ 12 ವಾರ. 10 ಅಥವಾ ಹೆಚ್ಚು ಕೆಲಸಗಾರರಿರುವ ಕಚೇರಿಗೆ ಇದು ಅನ್ವಯ, ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಸಂಬಳದ ಲೆಕ್ಕ ರಜೆಗೆ ಹಿಂದಿನ ಮೂರು ತಿಂಗಳ ಸರಾಸರಿ ದಿನಗೂಲಿಯದು. ಗಳಿಸಿದ ಇಎಲ್ ಬೇರೆ ಚೀಲ. ಅದರಿಂದ ಹೆರಿಗೆ ರಜೆಯನ್ನು ತುಂಬಿಸುವಂತಿಲ್ಲ. ಸಂಬಳ 21,000ದೊಳಗಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ ಇದೇ 26 ವಾರದ ಹಣ ಇಎಸ್‌ಐನಿಂದ ಬರುತ್ತದೆ. ಅದಕ್ಕೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನದ ವಂತಿಗೆ ಇರಬೇಕು. ಈಕೆಗೆ ಅದು ಅನ್ವಯಿಸುವುದಿಲ್ಲ.

ಎಡವಿದ್ದು ಎಲ್ಲಿ ಅಂದರೆ, ಆಕೆ ಬಾಯಿಮಾತಿನಲ್ಲೇ ರಜೆ ಹೇಳಿ ಬಂದಿದ್ದರು. ನಮ್ಮ ಕಡೆ ಸಣ್ಣ ಕಚೇರಿಗಳಲ್ಲಿ ಇದು ಮಾಮೂಲು: ಮಾಲೀಕರು ಪರಿಚಯದವರು, ಕಾಗದ ಕೊಟ್ಟರೆ ಮುಖ ಮುರಿದಂತಾಗುತ್ತದೆ ಎಂಬ ಸಂಕೋಚ. ಹೆರಿಗೆಯ ಮೊದಲು ನೋಟಿಸ್ ಕೊಡದಿದ್ದರೂ ಹಕ್ಕು ಹೋಗುವುದಿಲ್ಲ, ನಂತರವೂ ಕೊಡಬಹುದು. ಒಂದು ಪುಟದ ಕಾಗದ ಸಾಕೆಂದೆ: ರಜೆ ಆರಂಭವಾದ ದಿನ, ಹೆರಿಗೆಯಾದ ದಿನ, ಮರಳುವ ದಿನ, ಹಣ ಯಾರ ಖಾತೆಗೆ, ಈ ಅವಧಿಯಲ್ಲಿ ಬೇರೆಲ್ಲೂ ಕೆಲಸ ಮಾಡುವುದಿಲ್ಲ ಎಂಬ ಒಂದು ಸಾಲು. ಜೊತೆಗೆ ಜನನ ಪ್ರಮಾಣಪತ್ರದ ನಕಲು. ಎರಡು ಪ್ರತಿ ಒಯ್ದು, ಒಂದರ ಮೇಲೆ ತಾರೀಕು, ಸಹಿ, ಮೊಹರು ಹಾಕಿಸಿಕೊಂಡು ಬರಬೇಕು. ಆಸ್ಪತ್ರೆ ಖರ್ಚನ್ನು ಕಚೇರಿ ನೋಡಿಕೊಂಡಿಲ್ಲದಿದ್ದರೆ 3,500 ರೂಪಾಯಿಯ ವೈದ್ಯಕೀಯ ಬೋನಸ್ ಕೂಡ ಕೇಳಬಹುದು. ಕೆಟ್ಟ ಧಾಟಿ ಬೇಡ, ಕಾಯ್ದೆಯ ಹೆಸರು ಒಮ್ಮೆ ಬಂದರೆ ಸಾಕು. ಒಪ್ಪದಿದ್ದರೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿ ಇದೆ. ಆದರೆ ಮೊದಲ ದಿನವೇ ಅಲ್ಲಿಗೆ ಓಡುವುದು ಬೇಡ ಎಂದಿದ್ದೆ, ಫೆಬ್ರವರಿಯಲ್ಲಿ ಅದೇ ಕುರ್ಚಿಗೆ ಮರಳಬೇಕಲ್ಲ. ಹನ್ನೆರಡು ದಿನದ ನಂತರ, ಅವರ ಲೆಕ್ಕಪರಿಶೋಧಕರೇ ಹೇಳಿದ ಮೇಲೆ, ಮಾಲೀಕರು ಒಪ್ಪಿದರು.

ಈಗ ಕ್ಯಾಲೆಂಡರ್. ಆಕೆ ರಜೆ ಶುರು ಮಾಡಿದ್ದು ಆಗಸ್ಟ್ 5ಕ್ಕೆ, ಹೆರಿಗೆ 16ಕ್ಕೆ. 26 ವಾರವೆಂದರೆ 182 ದಿನ. ಭಾನುವಾರ, ಹಬ್ಬ ಎಲ್ಲ ಅದರೊಳಗೇ. ಹಾಗಾಗಿ ಮರಳುವ ದಿನ 2025ರ ಫೆಬ್ರವರಿ 3, ಸೋಮವಾರ.

ಗಂಡನ ಪಿತೃತ್ವ ರಜೆ ಹೋಗಿರಲಿಲ್ಲ. ಕೇಂದ್ರ ನೌಕರರ ನಿಯಮದಲ್ಲಿ ಆ 15 ದಿನವನ್ನು ಹೆರಿಗೆಗೆ 15 ದಿನ ಮುಂಚಿನಿಂದ ಹಿಡಿದು ಹೆರಿಗೆಯ ನಂತರದ ಆರು ತಿಂಗಳವರೆಗೆ ಯಾವಾಗ ಬೇಕಾದರೂ ಪಡೆಯಬಹುದು. ಆರು ತಿಂಗಳು ದಾಟಿದರೆ ಮಾತ್ರ ಅದು ಮುಗಿದಂತೆ. ಇಲ್ಲಿ ಗಡುವು ಫೆಬ್ರವರಿ ಮಧ್ಯ. ಇದು ಕೇಳಿ ಇಬ್ಬರೂ ಒಟ್ಟಿಗೇ “ಹಾಗಿದ್ದರೆ ಈಗಲೇ ಹಾಕಿಬಿಡೋಣ” ಎಂದರು. ಬೇಡವೆಂದೆ. ಈಗ ತವರಿನಲ್ಲಿ ಆಯಿ, ಅಂದರೆ ಆಕೆಯ ತಾಯಿ, ಇದ್ದಾರೆ, ಅಣ್ಣ ಅತ್ತಿಗೆ ಇದ್ದಾರೆ. ಮನೆ ತುಂಬ ಜನರಿರುವಾಗ ಅಳಿಯ ಹೋಗಿ ಕುಳಿತರೆ ಅವನಿಗೂ ಊಟಕ್ಕೆ ಬಡಿಸುವ ಕೆಲಸ ಹೆಚ್ಚುತ್ತದೆಯೇ ಹೊರತು ಮಗುವಿನ ಕೆಲಸ ಕೈಗೆ ಬರುವುದಿಲ್ಲ. ಆ ರಜೆಗೆ ಬೆಲೆ ಬರುವುದು ತಾಯಿ ಬೆಳಿಗ್ಗೆ ಒಂಬತ್ತಕ್ಕೆ ಮನೆಯಿಂದ ಹೊರಡುವ ಮೊದಲ ವಾರದಲ್ಲಿ.

ಹಾಗಾಗಿ ಹೀಗೆ ಜೋಡಿಸಿದೆವು: ಜನವರಿ 27ರ ಸೋಮವಾರದಿಂದ ಫೆಬ್ರವರಿ 10ರವರೆಗೆ ಪಿತೃತ್ವ ರಜೆ, ಅದಕ್ಕೆ ಹೊಂದಿಕೊಂಡು 11ರಿಂದ 14ರವರೆಗೆ ನಾಲ್ಕು ಇಎಲ್. ಹಿಂದಿನ ಮತ್ತು ಮುಂದಿನ ಶನಿವಾರ, ಭಾನುವಾರಗಳನ್ನು ರಜೆಗೆ ಹೊಂದಿಸಿ ಬಿಡುವು ಪಡೆದರೆ ಜನವರಿ 25ರಿಂದ ಫೆಬ್ರವರಿ 16ರವರೆಗೆ 23 ದಿನ ಮನೆಯಲ್ಲಿ. ಮೊದಲ ವಾರ ಇಬ್ಬರೂ ಇರುತ್ತಾರೆ, ಕೆಲಸ ಕೈ ಬದಲಾಗುತ್ತದೆ. ಮುಂದಿನ ಎರಡು ವಾರ ಅಪ್ಪನದೇ ಪಾಳಿ. ಗಮನಿಸಬೇಕಾದ್ದು, ಆಕೆ ಹೆರಿಗೆಯ ದಿನದವರೆಗೂ ಕೆಲಸ ಮಾಡಿದ್ದರೆ ಮರಳುವ ದಿನ ಫೆಬ್ರವರಿ 14 ಆಗುತ್ತಿತ್ತು. ಆಗ ಈ ಜೋಡಣೆ ಸಾಧ್ಯವಿರಲಿಲ್ಲ. ಆಕೆ ಮರಳಿದ ನಂತರದ ದಿನಗಳಿಗೆ ಪೂರ್ತಿ ಇಎಲ್ಲೇ ಗತಿಯಾಗುತ್ತಿತ್ತು.

ಫೆಬ್ರವರಿಗೆ ಮುಂಚಿನ ಮೂರು ತಿಂಗಳು ಹೆಚ್ಚು ಕಷ್ಟದ್ದು, ಅದಕ್ಕೆ ಕಾರಣ ಅಡಿಕೆ. ನವೆಂಬರ್‌ನಿಂದ ಕೊನೆಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಶುರುವಾದರೆ ಸಂಕ್ರಾಂತಿ ಕಳೆದರೂ ತೋಟದ ಮನೆಯ ಹೆಂಗಸರಿಗೆ ಕೈ ಬಿಡುವಿಲ್ಲ. ಬಾಣಂತನದ ಯೋಜನೆ ಹಾಕುವಾಗ ಜನ ಆಸ್ಪತ್ರೆಯ ದಿನಾಂಕ ನೋಡುತ್ತಾರೆ, ಕೊಯ್ಲಿನ ದಿನಾಂಕ ಮರೆಯುತ್ತಾರೆ. ಎರಡನೇ ಭೇಟಿಗೆ ಆಯಿಯನ್ನೂ ಕರೆಸಿದ್ದೆ. ಅವರು ಮುಚ್ಚುಮರೆಯಿಲ್ಲದೆ “ಎಂಗೆ ಸಾಕಾಗೋತು” (ನನಗೆ ಸಾಕಾಗಿಹೋಯಿತು) ಎಂದರು. ಅಷ್ಟು ನೇರವಾಗಿ ಹೇಳಿದ್ದು ಒಳ್ಳೆಯದೇ ಆಯಿತು. ನವೆಂಬರ್ ಮಧ್ಯದಲ್ಲಿ ಮಗಳು ಶಿರಸಿ ಪೇಟೆಯ ಮನೆಗೆ ಬರುವುದು, ಕೊಯ್ಲು ಮುಗಿದ ಮೇಲೆ, ಫೆಬ್ರವರಿ 17ರಿಂದ, ಆಯಿ ಮೂರು ವಾರ ಬಂದಿರುವುದು ಎಂದಾಯಿತು. ಅತ್ತೆಗೆ ಮಗುವನ್ನು ಎತ್ತಿಕೊಂಡು ಓಡಾಡಲಾಗದು, ಆದರೆ ಕುಳಿತು ನೋಡಿಕೊಳ್ಳಬಲ್ಲರು. ಎತ್ತುವ ಕೆಲಸಕ್ಕೆ ಪಕ್ಕದ ಬೀದಿಯ ಹೆಂಗಸೊಬ್ಬರನ್ನು ಜನವರಿಯಿಂದಲೇ ಗೊತ್ತುಮಾಡಿದರು. ಫೆಬ್ರವರಿಯಲ್ಲಿ ಗೊತ್ತುಮಾಡಿದ್ದರೆ ಮಗುವಿಗೆ ಅಮ್ಮ ಹೋಗುವುದೂ ಹೊಸ ಮುಖ ಬರುವುದೂ ಒಂದೇ ದಿನ ಆಗುತ್ತಿತ್ತು.

ಆ ಮೂರು ತಿಂಗಳಿಗೆ ಗಂಡನ ಸೋಮವಾರಗಳು ಬೇಕಾಗಿದ್ದವು. ಅವರ ಖಾತೆಯಲ್ಲಿ 41 ಇಎಲ್, ಮೂರು ಸಿಎಲ್ ಇದ್ದವು. ಇಲ್ಲಿ ಒಂದು ಸಣ್ಣ ಲೆಕ್ಕ ತುಂಬ ದಿನ ಉಳಿಸುತ್ತದೆ. ಶುಕ್ರವಾರ ಮತ್ತು ಸೋಮವಾರ ಇಎಲ್ ಹಾಕಿದರೆ ನಡುವಿನ ಶನಿವಾರ, ಭಾನುವಾರವೂ ರಜೆಯಲ್ಲೇ ಎಣಿಕೆಯಾಗಿ ನಾಲ್ಕು ದಿನ ಹೋಗುತ್ತವೆ. ಸೋಮವಾರ ಮಾತ್ರ ಹಾಕಿದರೆ ಒಂದೇ ದಿನ. ಸಿಎಲ್‌ನಲ್ಲಿ ನಡುವಿನ ಬಿಡುವು ಎಣಿಕೆಗೆ ಬರುವುದಿಲ್ಲ, ಆದರೆ ಅದನ್ನು ಇಎಲ್ ಜೊತೆ ಜೋಡಿಸುವಂತಿಲ್ಲ, ಡಿಸೆಂಬರ್ 31ಕ್ಕೆ ಉಳಿದದ್ದು ಸತ್ತುಹೋಗುತ್ತದೆ. ಹಾಗಾಗಿ ಮೂರು ಸಿಎಲ್ ಡಿಸೆಂಬರ್ ಒಳಗೆ, ಒಂದು ವಾರ ಬಿಟ್ಟು ಒಂದು ವಾರದ ಸೋಮವಾರಕ್ಕೆ, ಮುಂದಿನದಕ್ಕೆ ಇಎಲ್. ಜನವರಿ 1ಕ್ಕೆ 15 ಇಎಲ್, 8 ಸಿಎಲ್ ಹೊಸದಾಗಿ ಬೀಳುವುದರಿಂದ ಜಿಪುಣತನ ಬೇಕಾಗಿರಲಿಲ್ಲ.

ಆವರೆಗೆ ಅವರು ಶನಿವಾರ ಬೆಳಿಗ್ಗೆ ಹೊರಡುತ್ತಿದ್ದರು. 2024ರ ಜುಲೈನಲ್ಲಿ ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ರಾತ್ರಿ ಆ ರಸ್ತೆಯಲ್ಲಿ ಬರಬೇಡ ಎಂದು ಅತ್ತೆ ಆಣೆ ಹಾಕಿಸಿದ್ದರಂತೆ. ಭಯ ಸುಳ್ಳಲ್ಲ, ಆದರೆ ಮಳೆಗಾಲ ಮುಗಿದಿತ್ತು. ಶುಕ್ರವಾರ ಸಂಜೆ ಹೊರಡುವುದು, ಮಳೆಯಿದ್ದರೆ ಮಾತ್ರ ಕುಮಟೆಯಲ್ಲಿ ನೆಂಟರ ಮನೆಯಲ್ಲಿ ಉಳಿಯುವುದು ಎಂದು ಒಪ್ಪಂದವಾಯಿತು. ಶುಕ್ರವಾರ, ಶನಿವಾರ, ಸೋಮವಾರ ಬಿಡುವಿದ್ದರೆ ಭಾನುವಾರವೂ, ರಾತ್ರಿ ಹತ್ತರಿಂದ ಎರಡರವರೆಗೆ ಮಗು ಅಪ್ಪನದು. ಅಳುವ ಮಗುವನ್ನು ಹಾಲಿಗೆಂದು ತಾಯಿಯ ಹತ್ತಿರ ತಂದುಕೊಡುವುದು, ತೇಗಿಸಿ ಮಲಗಿಸುವುದು, ಬಟ್ಟೆ ಬದಲಿಸುವುದು ಅವರ ಕೆಲಸ. ಹಿಂಡಿಟ್ಟ ಹಾಲಿದ್ದರೆ ತಾಯಿಯನ್ನು ಎಬ್ಬಿಸುವುದೂ ಬೇಡ. ಆಕೆಗೆ ಒಂದೇ ಪಟ್ಟಿಗೆ ನಾಲ್ಕು ತಾಸು ನಿದ್ದೆ, ಅದೇ ಗುರಿ. ಎರಡನೇ ಭೇಟಿಯಲ್ಲಿ ಮಾಪಕ 7ಕ್ಕೆ ಇಳಿದಿತ್ತು.

ಹಾಲಿನ ಅಭ್ಯಾಸವನ್ನು ಜನವರಿ ಎರಡನೇ ವಾರ ಶುರು ಮಾಡಿಸಿದೆ. ಬಾಟಲಿ ಬೇಡ, ಮನೆಯಲ್ಲೇ ಒಳಲೆ (ಮಗುವಿಗೆ ಹಾಲು ಕುಡಿಸುವ ಕೊಕ್ಕಿನ ಬಟ್ಟಲು) ಇತ್ತು. ಹಿಂಡಿದ ಹಾಲು 25 ಡಿಗ್ರಿಯ ಒಳಗಿನ ಕೋಣೆಯಲ್ಲಿ 4 ತಾಸು, ಫ್ರಿಜ್ಜಿನ ಒಳಗೋಡೆಯ ಹತ್ತಿರ 4 ದಿನ ಇರುತ್ತದೆ. ಬಾಗಿಲಿನ ಖಾನೆಯಲ್ಲಿ ಇಡಬಾರದು, ಕರೆಂಟು ಹೋಗಿ ಬರುವ ಮನೆಗಳಲ್ಲಂತೂ ಆಯಾ ದಿನದ್ದು ಆಯಾ ದಿನ. ಬಿಸಿನೀರಿನಲ್ಲಿ ಪಾತ್ರೆಯಿಟ್ಟು ಬೆಚ್ಚಗೆ ಮಾಡುವುದು, ಒಲೆಯ ಮೇಲೆ ಕಾಯಿಸುವುದಲ್ಲ. ಮಗು ಕುಡಿದು ಉಳಿಸಿದ ಹಾಲನ್ನು ಎರಡು ತಾಸು ಕಳೆದರೆ ಚೆಲ್ಲಬೇಕು. ಫೆಬ್ರವರಿ ಮಧ್ಯಕ್ಕೆ ಆರು ತಿಂಗಳು ತುಂಬುವುದರಿಂದ ರಾಗಿ ಮಣ್ಣಿಯೂ ಶುರುವಾಗುತ್ತದೆ. ಮಧ್ಯಾಹ್ನದ ಒತ್ತಡ ತಗ್ಗುತ್ತದೆ. ಮಗುವಿಗೆ 15 ತಿಂಗಳಾಗುವವರೆಗೆ ಊಟದ ಬಿಡುವಿನ ಹೊರತಾಗಿ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಆಕೆಗೆ ಕಾನೂನಿನಲ್ಲೇ ಇದೆ. ಮನೆ ಎರಡು ಕಿಲೋಮೀಟರ್. ಒಂದು ಬಿಡುವನ್ನು ಊಟಕ್ಕೆ ಸೇರಿಸಿಕೊಂಡರೆ ಮನೆಗೆ ಬಂದು ಹೋಗಬಹುದು.

ಆಕೆಯ 19 ಇಎಲ್ಲನ್ನು ಹೆರಿಗೆ ರಜೆಯ ಬಾಲಕ್ಕೆ ಕಟ್ಟಬೇಕೆಂಬುದು ಮನೆಯವರ ಆಸೆ. ನಾನು ಒಪ್ಪಲಿಲ್ಲ. ಮೂರು ವಾರ ತಡವಾಗಿ ಹೋದರೆ ಮೊದಲ ಜ್ವರಕ್ಕೆ ಕೈಯಲ್ಲಿ ಒಂದು ದಿನವೂ ಇರುವುದಿಲ್ಲ. ಬದಲಿಗೆ ಮೊದಲ ಎಂಟು ವಾರ ಬುಧವಾರಕ್ಕೊಂದು ಇಎಲ್. ಎರಡು ದಿನ ಕೆಲಸ, ಒಂದು ದಿನ ಮನೆ, ಮತ್ತೆ ಕೆಲಸ. ಉಳಿದ 11 ಜ್ವರಕ್ಕೆ, ಲಸಿಕೆಗೆ. ಇದರಲ್ಲಿ ನನ್ನದೊಂದು ತಪ್ಪು: ಲೆಕ್ಕಪತ್ರದವರಿಗೆ ಮಾರ್ಚ್ ಎಂದರೇನು ಎಂದು ಯೋಚಿಸಲಿಲ್ಲ. ಎಂಟರಲ್ಲಿ ಮೂರು ಬುಧವಾರ ವರ್ಷಾಂತ್ಯದ ಕೆಲಸಕ್ಕೆ ಹೋದವು. ಕೊಯ್ಲನ್ನು ಕ್ಯಾಲೆಂಡರಿನಲ್ಲಿ ಗುರುತಿಸಿದವನು ಮಾರ್ಚ್ 31ನ್ನೂ ಗುರುತಿಸಬೇಕಿತ್ತು.

ಫೆಬ್ರವರಿಯ ಮೊದಲ ಎರಡು ದಿನ ಮಗು ಅಪ್ಪನ ಕೈಯ ಒಳಲೆಯನ್ನು ತಳ್ಳಿತು. ಮೂರನೆಯ ದಿನ ಅವರು ಹೆಂಡತಿಯ ಹಳೆಯ ಸೀರೆಯ ತುಂಡನ್ನು ಹೆಗಲ ಮೇಲೆ ಹಾಕಿಕೊಂಡು ಕೂತರಂತೆ, ಕುಡಿಯಿತು. ಏಪ್ರಿಲ್ ಕೊನೆಯ ಭೇಟಿಯಲ್ಲಿ ಆಕೆಯ ಖಾತೆಯಲ್ಲಿ ಹಳೆಯದರಲ್ಲಿ 12 ಇಎಲ್ ಉಳಿದಿತ್ತು, ಎರಡು ಜ್ವರಕ್ಕೆ ಹೋಗಿದ್ದವು. ಮೇ ಮಧ್ಯದ ಒಂಬತ್ತು ತಿಂಗಳ ದಡಾರ-ರುಬೆಲ್ಲಾ ಲಸಿಕೆಗೆ ಸಿಎಲ್ ಹಾಕಿದ್ದು ಗಂಡ. ಮರುದಿನ ಮಗುವಿಗೆ ಮೈ ಬಿಸಿಯಾದರೆ ಇರಲಿ ಎಂದು ಎರಡು ದಿನದ್ದು.