ಅಪ್ಪಾರಿಗೆ ವೀಟಿ ತೋರ್ಸೋದಾದ್ರ ಹಿಂಗ ತೋರ್ಸ್ರಿ

ನಿಮ್ಮ ಪ್ರಶ್ನೆ ಓದಿ ಖುಷಿ ಆತ್ರಿ. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಾಗ ಫಿಟ್ಟರ್ ಇದ್ದ ಅಪ್ಪಾರು ಮುಂಬೈ ಹತ್ರದ ಡೊಂಬಿವಲಿಗೆ ಬರ್ಲಿಕತ್ತಾರ, ವಯಸ್ಸು 74, ಎರಡ ದಿನ ಟೈಮ್ ಅದ, ಹಳೇ ಸ್ಟೇಷನ್ ಏನೇನು ತೋರ್ಸ್ಲಿ ಅಂತ ಕೇಳೀರಿ. ಮ್ಯಾಲೆ ಒಬ್ಬರು ಏಳು ಸ್ಟೇಷನ್ ಲಿಸ್ಟ್ ಹಾಕ್ಯಾರ, ಆ ಲಿಸ್ಟ್ ಹಿಡ್ಕೊಂಡು ಹೊಂಟ್ರ ಅಪ್ಪಾರು ಬರೇ ಬ್ರಿಜ್ ಹತ್ತಿ ಇಳಿದು ಸುಸ್ತಾಗ್ತಾರ. ಎರಡ ಸ್ಟೇಷನ್, ಒಂದು ಘಾಟು ಸಾಕ್ರಿ.

ಮೊದಲ ದಿನ ವೀಟಿ, ಅಂದ್ರ ಮುಂಬೈದ ವಿಕ್ಟೋರಿಯಾ ಟರ್ಮಿನಸ್ ಸ್ಟೇಷನ್. ಹೆಸರು ಬದಲಾಗಿ ಸಿಎಸ್‌ಎಂಟಿ ಆಗ್ಯದ, ನಮ್ಮ ಬಾಯಾಗ ಮಾತ್ರ ಇನ್ನೂ ವೀಟೀನ. ಹನ್ನೊಂದರ ಮ್ಯಾಲ ಲೋಕಲ್ ಹತ್ರಿ, ಮೂರೂವರಿ ಒಳಗ ವಾಪಸ್ ಹೊಂಡ್ರಿ. ನಾ ಒಮ್ಮೆ ನಮ್ಮ ಮಾವಾರನ್ನ ಸಂಜಿ ಆರಕ್ಕ ಕರ್ಕೊಂಡು ಹೋಗಿ ಅವರ ಚಪ್ಪಲಿ ಒಂದು ಕಾಲಿಂದ ಗಾಡಿಯೊಳಗ, ಇನ್ನೊಂದು ಪ್ಲಾಟ್‌ಫಾರ್ಮಿನ ಮ್ಯಾಲ, ಮನಿಗೆ ಬರೋ ತನಕ ಮಾತಾಡ್ಲಿಲ್ಲ ಅವ್ರು. ಇಳಿದ ಮ್ಯಾಲ ಮೊದಲು ರಸ್ತೆ ದಾಟಿ ಎದುರು ನಿಂತು ನೋಡ್ರಿ, ಗೇಟಿನ ಕಂಬದ ಮ್ಯಾಲ ಒಂದ್ಕಡೆ ಸಿಂಹ ಇನ್ನೊಂದ್ಕಡೆ ಹುಲಿ, ಸಿಂಹ ಅಂದ್ರ ಬ್ರಿಟನ್, ಹುಲಿ ಅಂದ್ರ ನಾವು. ಕಟ್ಟಡ ಶುರು ಆಗಿದ್ದು 1878ರಾಗ, ಮುಗಿಲಿಕ್ಕೆ ಹತ್ತು ವರ್ಷ ಹಿಡೀತು, ನಕ್ಷೆ ಹಾಕಿದವ ಸ್ಟೀವನ್ಸ್, ಎದುರಿನ ಮುನ್ಸಿಪಾಲ್ಟಿ ಕಟ್ಟಡನೂ ಅವನದ. ಆಮ್ಯಾಲ ಒಳಗ ಲೋಕಲ್ ಟಿಕೆಟ್ ಹಾಲಿಗೆ ಹೋಗ್ರಿ. ನಾವು ದಿನಾ ಕ್ಯೂನಾಗ ಮೊಬೈಲ್ ನೋಡ್ಕೋತ ನಿಲ್ತೀವಲ್ಲ, ಅಲ್ಲೇ ತಲಿ ಎತ್ತಿ ನೋಡಿದ್ರ ಛತ್ತಿನ ತುಂಬ ಬಂಗಾರದ ಚುಕ್ಕಿ ಅವ. ಇಪ್ಪತ್ತು ವರ್ಷ ಓಡಾಡಿ ನಾ ಅದನ್ನ ನೋಡೇ ಇರ್ಲಿಲ್ಲ.

ಫಿಟ್ಟರ್ ಅಪ್ಪಾರಿಗೆ ಖರೇ ಮಜಾ ಬರೋದು ಮಾತ್ರ 18ನೇ ಪ್ಲಾಟ್‌ಫಾರ್ಮಿನ ಕಡೆ ಹೆರಿಟೇಜ್ ಗಲ್ಲಿಯಾಗ. 1925ರ ಫೆಬ್ರವರಿ 3ಕ್ಕ ವೀಟಿಯಿಂದ ಕುರ್ಲಾಕ್ಕ ದೇಶದ ಮೊದಲ ಎಲೆಕ್ಟ್ರಿಕ್ ಗಾಡಿ ಬಿಟ್ಟ ಗವರ್ನರ್ ಸರ್ ಲೆಸ್ಲಿ ವಿಲ್ಸನ್, ಅವನ ಹೆಸರಿನ ಹಳೇ ಇಂಜಿನ್ ಅಲ್ಲಿ ನಿಂತದ. ಮೂತಿ ಮೊಸಳಿ ಹಂಗ ಉದ್ದ, ಎಲೆಕ್ಟ್ರಿಕ್ ಇಂಜಿನ್ ಆದ್ರೂ ಸ್ಟೀಮ್ ಇಂಜಿನ್ ಹಂಗ ಗಾಲಿಗೆ ಗಾಲಿ ಜೋಡಿಸಿದ ರಾಡ್ ಅವ. ಅಲ್ಲಿ ಅವರನ್ನ ಬಿಟ್ಟು ನೀವು ಚಹಾ ಕುಡ್ಕೊಂಡು ಬರ್ರಿ, ಅವಸರ ಮಾಡಬ್ಯಾಡ್ರಿ.

ವಾಪಸ್ ಬರೋವಾಗ ಸ್ಲೋ ಲೋಕಲ್ ಹತ್ತಿ ಬೈಕಲಾದಾಗ ಹತ್ತು ನಿಮಿಷ ಇಳೀರಿ. 1853ರ ಏಪ್ರಿಲ್ 16ಕ್ಕ ಬೋರಿಬಂದರಿಂದ (ಈಗ ವೀಟಿ ಇರೋ ಜಾಗಾ) ಠಾಣಾಕ್ಕ 14 ಡಬ್ಬಿ, ಸಾಹಿಬ್, ಸಿಂಧ್, ಸುಲ್ತಾನ್ ಅಂತ ಮೂರು ಇಂಜಿನ್ ಕಟ್ಕೊಂಡು ಹೋತಲ್ಲ ಮೊದಲ ಗಾಡಿ, ಇದೇ ಲೈನ್ ಹಿಡಿದು ಹೋಗಿದ್ದು. ಈ ಸ್ಟೇಷನ್ ರಿಪೇರಿ ಮಾಡಿದ್ದಕ್ಕ 2022ರಾಗ ಯುನೆಸ್ಕೊ ಪ್ರಶಸ್ತಿ ಬಂತು. ವೀಟಿಯಷ್ಟು ಡೌಲಿಲ್ಲ, ನನಗ ಇದೇ ಹೆಚ್ಚು ಸೇರ್ತದ.

ಎರಡನೇ ದಿನ ಘಾಟು, ಮುಂಬೈ-ಪುಣೆ ರೈಲು ದಾರಿಯ ಭೋರ್ ಘಾಟು. ಎಲ್ಲಾರೂ ಡೆಕ್ಕನ್ ಕ್ವೀನ್ ಅಂತಾರ, ಸರಿನ, 1930ರ ಜೂನ್ 1ಕ್ಕ ಶುರುವಾದ ಗಾಡಿ, ಇವತ್ತಿಗೂ ಡೈನಿಂಗ್ ಕಾರ್ ಅದ, ಟೇಬಲ್ ಮುಂದ ಕುಂತು ತಿನ್ನಬಹುದು. ಆದ್ರ ವೀಟಿ ಬಿಡೋದು ಸಂಜಿ ಐದರ ಮ್ಯಾಲ, ಚಳಿಗಾಲದಾಗ ಘಾಟು ಬರೋದ್ರಾಗ ಕತ್ತಲಿ. ಅದಕ್ಕ ಹೋಗೋವಾಗ ಮುಂಜಾನಿ ಡೆಕ್ಕನ್ ಎಕ್ಸ್‌ಪ್ರೆಸ್ ಹಿಡೀರಿ, ಪುಣೇದಾಗ ರಾತ್ರಿ ಇದ್ದು ಮರುದಿನ ಮುಂಜಾನಿ ಡೆಕ್ಕನ್ ಕ್ವೀನಿನಾಗ ವಾಪಸ್ ಬರ್ರಿ, ಎರಡೂ ಸಿಗ್ತಾವ. ಅರ್ಧ ದಿನ ಹೆಚ್ಚಾಗ್ತದ, ಆದ್ರ ಬಿಡಬ್ಯಾಡ್ರಿ. ಬುಕಿಂಗ್ ಈಗ ಮಾಡಿಸ್ರಿ, ಶನಿವಾರ ಭಾನುವಾರ ಬ್ಯಾಡ. ಸೀಟ್ ಹಿಂದಿನ ಡಬ್ಬಿಯಾಗ ಸಿಕ್ರ ಚಲೋ, ಯಾಕಂದ್ರ ಘಾಟಿನ ಬುಡದ ಕರ್ಜತ್‌ನಾಗ ಗಾಡಿ ಹಿಂದ ತಳ್ಳೋ ಇಂಜಿನ್ ಹಚ್ಚತಾರ, ಬ್ಯಾಂಕರ್ ಅಂತಾರ ಅದಕ್ಕ. ಭೋರ್ ಘಾಟಿನ ಏರು 37 ಅಡಿಗೆ ಒಂದು ಅಡಿ, ಮುಂದಿನ ಇಂಜಿನ್ ಒಂದ ಎಳೆಯೋದಾಗಂಗಿಲ್ಲ. 1863ರಾಗ ಈ ದಾರಿ ತೆಗೆದಾಗ ಖಂಡಾಲಾ ಹತ್ರ ಗಾಡಿ ಒಂದು ಮೂಲಿಗೆ ಹೋಗಿ ನಿಂತು, ಇಂಜಿನ್ ಆ ತುದಿಗೆ ಬದಲಿಸಿ, ಉಲ್ಟಾ ಹೊಂಡ್ತಿತ್ತು. ಎಲೆಕ್ಟ್ರಿಕ್ ಬರೋ ಹೊತ್ತಿಗೆ ಆ ಕಟಿಪಿಟಿ ಮುಗೀತು.

ಕ್ಯಾಸಲ್‌ರಾಕ್ ದೂಧಸಾಗರ ಬ್ಯಾಡೇನು ಅಂತ ಯಾರೋ ಕೇಳ್ಯಾರ. ಹುಬ್ಬಳ್ಳಿ ರೈಲ್ವೆದವರಿಗೆ ಕ್ಯಾಸಲ್‌ರಾಕ್ ನಾವು ತೋರ್ಸೋದಾ? ಅವರ ನಮಗ ತೋರ್ಸಬೇಕು.

ಇನ್ನೊಂದು, ಕರ್ಜತ್‌ನಾಗ ಬಟಾಟಾ ವಡಾ ನೀವು ಇಳಿದು ತರ್ರಿ, ಅಪ್ಪಾರು ಬ್ಯಾಂಕರ್ ನೋಡ್ಕೋತ ಪ್ಲಾಟ್‌ಫಾರ್ಮಿನ ಮ್ಯಾಲೇ ಉಳೀತಾರ, ಅವರನ್ನ ಮೊದಲು ಹತ್ತಿಸ್ರಿ.